ಮೊಲ ಮನೆಯೊಳಗಿರಬೇಕಾ, ಹೊರಗಿರಬೇಕಾ? ಜಾಗ ಆರಿಸುವುದರಿಂದ ದಿನದ ಆರೈಕೆವರೆಗೆ

ಮೊಲ ತರಬೇಕು ಅಂದುಕೊಂಡಾಗ ನಾವು ಬಣ್ಣ ನೋಡುತ್ತೇವೆ, ತಳಿ ನೋಡುತ್ತೇವೆ, ಕಿವಿ ನೆಟ್ಟಗಿರಬೇಕಾ ಜೋತುಬಿದ್ದಿರಬೇಕಾ ಅಂತ ಮನೆಯಲ್ಲಿ ಚರ್ಚೆ ಮಾಡುತ್ತೇವೆ. ಅದು ಎಲ್ಲಿ ಮಲಗುತ್ತದೆ, ಎಲ್ಲಿ ಓಡಾಡುತ್ತದೆ ಅನ್ನುವುದು ಮಾತ್ರ ಮೊಲ ಬಂದ ಮೇಲೆ ನೆನಪಾಗುತ್ತದೆ. ಆಗ ಸಿಕ್ಕಿದ ಪಂಜರ ತಂದು ಸಿಕ್ಕಿದ ಮೂಲೆಯಲ್ಲಿ ಇಟ್ಟುಬಿಡುತ್ತೇವೆ. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುತ್ತದೆ. ಅಷ್ಟು ವರ್ಷ ಅದು ಕಳೆಯಬೇಕಾದ ಜಾಗವನ್ನು ಅದು ಬರುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಊಟ, ನಿದ್ದೆ, ರಾತ್ರಿ ಎಲ್ಲ ಮನೆಯೊಳಗೆ. ದಿನಕ್ಕೆ ಒಂದಷ್ಟು ಹೊತ್ತು ಹುಲ್ಲು, ಮಣ್ಣು, ಎಳೆಬಿಸಿಲಿಗೆ ಹೊರಗೆ, ಅದೂ ನೀವು ಹತ್ತಿರ ಇರುವಾಗ. ಮೊಲ ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜೀವ, ಹಾಗಾಗಿ ಕಾಯಿಲೆ ಬಂದರೂ ನೋವಾದರೂ ತೋರಿಸಿಕೊಳ್ಳುವುದಿಲ್ಲ. ನಾಯಿ ಕುಂಯ್ ಅನ್ನುತ್ತದೆ, ಬೆಕ್ಕು ಕೂಗುತ್ತದೆ, ಮೊಲ ಮಾತ್ರ ಮೂಲೆಯಲ್ಲಿ ಮುದುಡಿಕೊಂಡು ಸುಮ್ನೆ ಕೂತಿರುತ್ತದೆ. ಅದು ದಿನಕ್ಕೆ ಎಷ್ಟು ಸಲ ನಿಮ್ಮ ಕಣ್ಣಿಗೆ ಬೀಳುತ್ತದೆ ಅನ್ನುವುದರ ಮೇಲೆ ಅದರ ಆಯಸ್ಸು ನಿಂತಿದೆ. ಹಿತ್ತಲಿನ ಗೂಡಿನಲ್ಲಿರುವ ಮೊಲ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಂಡರೆ ಹೆಚ್ಚು. ಮನೆಯ ಹಾಲ್‌ನ ಮೂಲೆಯಲ್ಲಿರುವ ಮೊಲ ನೀವು ಎದ್ದು ಕೂತಾಗಲೆಲ್ಲ ಕಾಣುತ್ತದೆ.

ಹಾಗಂತ ಹೊರಗೆ ಸಾಕುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಸರಿಯಾಗಿ ಕಟ್ಟಿದ, ದೊಡ್ಡದಾದ, ನೆರಳಿರುವ ಆವರಣದಲ್ಲಿ ಜೋಡಿಯಾಗಿರುವ ಮೊಲಗಳು ಖುಷಿಯಾಗಿಯೇ ಇರುತ್ತವೆ. ಆದರೆ ಅದಕ್ಕೆ ಹಿಡಿಯುವ ಕೆಲಸ ಜಾಸ್ತಿ. ಕಡಿಮೆ ಕೆಲಸ ಅಂದುಕೊಂಡು ಹೊರಗೆ ಇಡುವವರೇ ಹೆಚ್ಚು, ಲೆಕ್ಕ ತಪ್ಪುವುದು ಅಲ್ಲೇ.

ಹಂತ 1: ನಿಮ್ಮ ಜಾಗವನ್ನು ಮೊಲದ ಕಣ್ಣಿನಿಂದ ನೋಡಿ

ಮೊಲ ಸೆಖೆ ತಡೆಯುವುದಿಲ್ಲ. ನಮ್ಮ ಹಾಗೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ಮೈಯ ಬಿಸಿಯನ್ನು ಮುಖ್ಯವಾಗಿ ಆ ಉದ್ದ ಕಿವಿಗಳ ಮೂಲಕ ಹೊರಗೆ ಬಿಡುತ್ತದೆ. 10ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಹಾಯಾಗಿರುತ್ತದೆ. 26 ದಾಟಿದರೆ ಕಷ್ಟ ಶುರು, 30 ದಾಟಿದರೆ ಜೀವಕ್ಕೇ ಅಪಾಯ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಇನ್ನೂ ಬೇಗ ಸುಸ್ತಾಗುತ್ತದೆ. ಚಳಿಯನ್ನು ಮಾತ್ರ ಅದು ಚೆನ್ನಾಗಿ ತಡೆಯುತ್ತದೆ, ಮೈ ಒಣಗಿರಬೇಕು ಮತ್ತು ನೇರ ಗಾಳಿ ಹೊಡೆಯಬಾರದು ಅಷ್ಟೇ. ಒದ್ದೆ ಮತ್ತು ಚಳಿ ಎರಡೂ ಸೇರಿದರೆ ತಡೆಯುವುದಿಲ್ಲ.

ಹಾಗಾಗಿ ಒಂದು ಥರ್ಮಾಮೀಟರ್ ತಂದು, ಗೂಡು ಇಡಬೇಕು ಅಂದುಕೊಂಡ ಜಾಗದಲ್ಲಿ ನೆಲದ ಮಟ್ಟಕ್ಕೆ ಇಡಿ. ಮೊಲ ಬದುಕುವುದು ನೆಲದ ಮೇಲೆ. ನೀವು ನಿಂತು ಸೆಖೆ ಇಲ್ಲ ಅಂದುಕೊಂಡರೆ ಸಾಲದು. ಬೆಳಿಗ್ಗೆ, ನಡುಮಧ್ಯಾಹ್ನ, ರಾತ್ರಿ ನೋಡಿ. ವರ್ಷದ ಅತಿ ಬಿಸಿ ದಿನಗಳಲ್ಲಿ ಆ ಜಾಗ ಹೇಗಿರುತ್ತದೆ ಅಂತ ನೆನಪು ಮಾಡಿಕೊಳ್ಳಿ. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ, ಪಕ್ಕದ ಮನೆ ನಾಯಿ ಎಲ್ಲಿ ಬೊಗಳುತ್ತದೆ, ರಾತ್ರಿ ಬೀದಿ ಬೆಕ್ಕುಗಳು ಯಾವ ಗೋಡೆ ಮೇಲೆ ನಡೆಯುತ್ತವೆ, ಇದನ್ನೆಲ್ಲ ನೋಡಿ. ಬಿಸಿ, ತೇವ, ಬೇಟೆಪ್ರಾಣಿ, ಈ ಮೂರರಲ್ಲಿ ಒಂದನ್ನು ತಡೆಯಲು ನಿಮ್ಮಿಂದ ಆಗುವುದಿಲ್ಲ ಅನ್ನಿಸಿದರೂ ಸಾಕು, ಹೊರಗಿನ ಯೋಚನೆ ಬಿಟ್ಟುಬಿಡಿ.

ತಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂಗೋರದಂಥ ಉದ್ದ ಕೂದಲಿನ ಮೊಲಕ್ಕೆ ಬಿಸಿ ಬೇಗ ತಟ್ಟುತ್ತದೆ, ಹೊರಗಿನ ಕಸಕಡ್ಡಿ, ತೇವ ಎಲ್ಲ ಕೂದಲಿಗೆ ಸಿಕ್ಕಿ ಗಂಟಾಗುತ್ತದೆ. ರೆಕ್ಸ್ ತಳಿಯ ಪಾದದಡಿ ಕೂದಲು ತೆಳು, ಗಟ್ಟಿ ನೆಲದಲ್ಲಿ ಬೇಗ ಹುಣ್ಣಾಗುತ್ತದೆ. ಚಪ್ಪಟೆ ಮೂತಿಯ ಮೊಲಗಳಿಗೆ ಬಿಸಿಯಲ್ಲಿ ಉಸಿರಾಟವೇ ಕಷ್ಟ.

ಹಂತ 2: ಒಳಗೆ ಎಷ್ಟು ಜಾಗ, ಎಲ್ಲಿ

ಅಂಗಡಿಯಲ್ಲಿ ಮೊಲದ ಪಂಜರ ಅಂತ ಮಾರುವುದರಲ್ಲಿ ಹೆಚ್ಚಿನವು ಮೊಲಕ್ಕೆ ಸಾಲುವುದಿಲ್ಲ. ಬ್ರಿಟನ್ನಿನ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಎರಡು ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಒಂದೇ ತೆರೆದ ಜಾಗ ಬೇಕು ಅನ್ನುತ್ತದೆ. ಅಷ್ಟು ಜಾಗ ಇಡೀ ದಿನ ಕೊಡಲು ಆಗದಿದ್ದರೆ ಗೂಡು ಸ್ವಲ್ಪ ಚಿಕ್ಕದಿರಲಿ, ಆದರೆ ಬಾಗಿಲು ದಿನದ ಬಹುಪಾಲು ತೆರೆದಿರಲಿ. ಗೂಡಿನೊಳಗೇ ಮೊಲ ಮೂರು ಸಲ ಕುಪ್ಪಳಿಸಲು ಆಗಬೇಕು, ಹಿಂಗಾಲ ಮೇಲೆ ನಿಂತರೆ ಕಿವಿ ಮೇಲೆ ತಾಗಬಾರದು, ಕಾಲು ಚಾಚಿ ಮಲಗಲು ಆಗಬೇಕು. ಇದರಲ್ಲಿ ರಾಜಿ ಬೇಡ. ಇಡೀ ದಿನ ಚಿಕ್ಕ ಪಂಜರದಲ್ಲಿ ಕೂತ ಮೊಲದ ಬೆನ್ನುಮೂಳೆ, ಕಾಲು ಎರಡೂ ಹಾಳಾಗುತ್ತವೆ.

ಪಂಜರಕ್ಕಿಂತ ಮಡಚುವ ಬೇಲಿ ಒಳ್ಳೆಯದು ಅನ್ನುವುದು ನನ್ನ ಅನುಭವ. ನಾಯಿಮರಿಗಳಿಗೆ ಬರುವ, ಒಂದು ಮೀಟರ್ ಎತ್ತರದ ಕಬ್ಬಿಣದ ಬೇಲಿ ಸಾಕು. ಬೇಕಾದಾಗ ದೊಡ್ಡದು ಮಾಡಬಹುದು, ತೊಳೆಯುವುದು ಸುಲಭ. ಅದಕ್ಕಿಂತ ತಗ್ಗಿದ್ದರೆ ಹಾರುವ ಮೊಲ ಹಾರಿಯೇ ಹಾರುತ್ತದೆ.

ಜಾಗ ಆರಿಸುವಾಗ ಮನೆಯ ಮಂದಿ ಓಡಾಡುವ ಕಡೆ ಇರಲಿ, ಆದರೆ ಟಿವಿಯ ಪಕ್ಕ ಬೇಡ, ಬಾಗಿಲು ಧಡಾರ್ ಅನ್ನುವ ಕಡೆ ಬೇಡ. ಮೊಲದ ಕಿವಿಗೆ ನಮಗೆ ಕೇಳಿಸದ ಸದ್ದೂ ಕೇಳಿಸುತ್ತದೆ. ಕಿಟಕಿಯ ನೇರ ಬಿಸಿಲು ಬೀಳಬಾರದು, ಎಸಿಯ ಗಾಳಿ ನೇರ ಹೊಡೆಯಬಾರದು. ಅಡುಗೆಮನೆಯ ಹೊಗೆ, ಊದುಬತ್ತಿ, ಸೊಳ್ಳೆ ಓಡಿಸುವ ಹೊಗೆ, ರೂಮ್ ಸ್ಪ್ರೇ ಯಾವುದೂ ಅದರ ಹತ್ತಿರ ಬೇಡ, ಅದರ ಶ್ವಾಸಕೋಶ ತುಂಬಾ ಸೂಕ್ಷ್ಮ.

ಎರಡು ಬಾಗಿಲಿರುವ ಒಂದು ಅಡಗುತಾಣ ಇಡಿ. ಎರಡು ಕಡೆ ತೂತು ಮಾಡಿದ ರಟ್ಟಿನ ಡಬ್ಬಿ ಸಾಕು. ಒಂದೇ ಬಾಗಿಲಿದ್ದರೆ ಹೆದರಿದ ಮೊಲಕ್ಕೆ ಅದು ಬೋನಿನ ಹಾಗೆ ಅನ್ನಿಸುತ್ತದೆ. ಅದು ಒಳಗೆ ಹೋಗಿ ಕೂತಾಗ ಕೈ ಹಾಕಿ ಎಳೆಯಬೇಡಿ, ಮಕ್ಕಳಿಗೂ ಇದನ್ನು ಮೊದಲ ದಿನವೇ ಹೇಳಿಕೊಡಿ.

ಹಂತ 3: ನೆಲ

ನಮ್ಮ ಮನೆಗಳಲ್ಲಿ ಯಾರೂ ಯೋಚಿಸದ ವಿಷಯ ಇದು. ನುಣುಪಾದ ಟೈಲ್ಸ್ ಮೇಲೆ ಮೊಲ ನಿಲ್ಲುವುದನ್ನು ಒಮ್ಮೆ ಕೂತು ನೋಡಿ. ನಾಯಿ ಬೆಕ್ಕುಗಳಿಗೆ ಇರುವಂಥ ಮೆತ್ತನೆ ಅಂಗಾಲು ಅದಕ್ಕೆ ಇಲ್ಲ, ಇರುವುದು ಬರೀ ಕೂದಲು. ಮುಂಗಾಲು ಎರಡು ಕಡೆ ಜಾರುತ್ತದೆ, ಅದು ತಡೆದು ನಿಲ್ಲುತ್ತದೆ, ಮತ್ತೆ ಒಂದು ಹೆಜ್ಜೆ ಇಟ್ಟು ಮತ್ತೆ ನಿಲ್ಲುತ್ತದೆ. ಆಮೇಲೆ ರಗ್ಗಿನ ತುದಿಯಲ್ಲೇ ಕೂತುಬಿಡುತ್ತದೆ. ನಮ್ಮ ಮೊಲ ಸೋಮಾರಿ, ಓಡಾಡುವುದೇ ಇಲ್ಲ ಅನ್ನುವ ಮನೆಗಳಲ್ಲಿ ನಾನು ಮೊದಲು ನೋಡುವುದು ನೆಲವನ್ನೇ. ಅಲ್ಲಿಂದ ಇಲ್ಲಿಗೆ ಜಾರದ ಹಾಗೆ ಒಂದು ದಾರಿ ಹಾಕಿಕೊಟ್ಟರೆ ಅದೇ ಮೊಲ ಸಂಜೆ ಹೊತ್ತು ಗಾಳಿಯಲ್ಲಿ ನೆಗೆದು ಮೈ ತಿರುಚಿ ಕುಣಿಯುತ್ತದೆ.

ರಬ್ಬರ್ ಬೆನ್ನಿನ ಮ್ಯಾಟ್, ಹಳೆ ಜಮಖಾನೆ, ಒತ್ತಾಗಿ ನೇಯ್ದ ರಗ್ಗು ಯಾವುದಾದರೂ ಆಗುತ್ತದೆ. ಎಳೆ ಬಿಚ್ಚಿ ತಿನ್ನುವ ಮೊಲವಾದರೆ ಹುಲ್ಲಿನ ಚಾಪೆ ಹಾಕಿ, ತಿಂದರೂ ತೊಂದರೆ ಇಲ್ಲ. ತಂತಿಯ ತಳ ಇರುವ ಪಂಜರ ಖಂಡಿತ ಬೇಡ. ಹಿಂಗಾಲಿನ ಹಿಮ್ಮಡಿಯಲ್ಲಿ ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು, ಅದು ಮೂಳೆಗೆ ಇಳಿದರೆ ವಾಸಿ ಮಾಡುವುದು ಬಹಳ ಕಷ್ಟ. ಈಗಾಗಲೇ ಅಂಥ ಪಂಜರ ಇದ್ದರೆ ಇವತ್ತೇ ಒಂದು ಹಲಗೆ ಹಾಕಿ, ಮೇಲೆ ದಪ್ಪಗೆ ಒಣಹುಲ್ಲು ಹರಡಿ.

ಹಂತ 4: ವೈರು, ಗಿಡ, ಸಂದಿಗೊಂದಿ

ನೀವೇ ನೆಲದ ಮೇಲೆ ಮಂಡಿಯೂರಿ ಕೂತು ಕೋಣೆಯನ್ನು ನೋಡಿ. ಆ ಎತ್ತರದಲ್ಲಿ ಏನೇನು ಕಾಣುತ್ತದೋ ಅದನ್ನೆಲ್ಲ ಮೊಲ ಕಡಿಯುತ್ತದೆ. ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅದಕ್ಕೆ ಕಡಿಯುವುದು ಚಟ ಅಲ್ಲ, ಬದುಕು. ಚಾರ್ಜರ್ ವೈರು ಅದಕ್ಕೆ ದಾರಿಗೆ ಅಡ್ಡ ಬಂದ ಬೇರಿನ ಹಾಗೆ, ಕಚಕ್ ಅಂತ ಒಂದೇ ಸಲಕ್ಕೆ ತುಂಡು ಮಾಡುತ್ತದೆ. ಕರೆಂಟ್ ಇದ್ದರೆ ಬಾಯಿ ಸುಡುತ್ತದೆ, ಪ್ರಾಣವೂ ಹೋಗಬಹುದು. ಎಲ್ಲ ವೈರುಗಳನ್ನೂ ಮೇಲೆತ್ತಿ ಗೋಡೆಗೆ ಕಟ್ಟಿ. ಎತ್ತಲು ಆಗದ್ದನ್ನು ಗಟ್ಟಿ ಪಿವಿಸಿ ಪೈಪಿನೊಳಗೆ ತೂರಿಸಿ. ಮೆತ್ತನೆ ಪ್ಲಾಸ್ಟಿಕ್ ಸುರುಳಿ ಸುತ್ತಿದರೆ ಕೆಲವು ಮೊಲಗಳು ಅದನ್ನೂ ಕಡಿದು ಒಳಗೆ ಹೋಗುತ್ತವೆ.

ಗಿಡಗಳಲ್ಲಿ ಮನಿಪ್ಲಾಂಟ್, ಡೈಫೆನ್‌ಬೇಕಿಯ, ಲಿಲ್ಲಿ, ಕಣಗಿಲೆ ಇವು ಮೊಲದ ಬಾಯಿಗೆ ಸಿಗಲೇಬಾರದು. ಉದುರಿದ ಒಂದು ಎಲೆಯೂ ನೆಲದಲ್ಲಿ ಇರಬಾರದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಗೆ ಹೋದದ್ದು ಹೋದ ಹಾಗೇ.

ಸೋಫಾದ ಕೆಳಗೆ, ಬೀರುವಿನ ಹಿಂದೆ, ಫ್ರಿಜ್ಜಿನ ಹಿಂದೆ ಹಲಗೆ ಅಡ್ಡ ಇಟ್ಟು ಮುಚ್ಚಿ. ತಲೆ ತೂರುವ ಸಂದಿ ಅಂದರೆ ಮೈ ತೂರುವ ಸಂದಿ ಅಂತಲೇ ಲೆಕ್ಕ. ಬರೀ ಬೇಡ ಬೇಡ ಅಂದರೆ ಆಗುವುದಿಲ್ಲ ಅಲ್ವಾ, ಕಡಿಯಲು ಅದಕ್ಕೆ ಬೇರೆ ಏನಾದರೂ ಕೊಡಬೇಕು. ಔಷಧಿ ಹೊಡೆಯದ ಸೇಬಿನ ಮರದ ಕಡ್ಡಿ, ಬಣ್ಣ ಇಲ್ಲದ ರಟ್ಟು, ಹುಲ್ಲು ತುಂಬಿದ ಕಾಗದದ ಕೊಳವೆ ಕೊಡಿ. ಅಗೆಯಲು ಒಂದು ಡಬ್ಬಿ ತುಂಬ ಚೂರು ಕಾಗದ ಇಡಿ. ರಗ್ಗಿನ ಮೂಲೆ ಉಳಿಯುತ್ತದೆ.

ಹಂತ 5: ಒಂದೇ ಕಡೆ ಉಚ್ಚೆ ಹೊಯ್ಯಲು ಕಲಿಸುವುದು

ಮನೆಯೊಳಗೆ ಬೇಡ ಅನ್ನುವವರ ಮುಖ್ಯ ಭಯ ಇದೇ, ಮನೆಯೆಲ್ಲ ವಾಸನೆ ಬರುತ್ತದೆ ಅಂತ. ನಿಜ ಹೇಳಬೇಕು ಅಂದರೆ ಮೊಲ ಬಹಳ ಶುಚಿಯ ಪ್ರಾಣಿ, ತಾನಾಗಿಯೇ ಒಂದು ಮೂಲೆ ಆರಿಸಿಕೊಳ್ಳುತ್ತದೆ. ಅದು ಯಾವ ಮೂಲೆ ಅಂತ ಎರಡು ಮೂರು ದಿನ ನೋಡಿ, ಅಲ್ಲೇ ಒಂದು ಅಗಲವಾದ ಟ್ರೇ ಇಡಿ. ನಿಮಗೆ ಬೇಕಾದ ಮೂಲೆಯಲ್ಲಿ ಇಟ್ಟು ಅದನ್ನು ಅಲ್ಲಿಗೆ ಒಪ್ಪಿಸುವುದು ಸುಮ್ನೆ ಜಗಳ.

ಟ್ರೇ ತಳಕ್ಕೆ ಕಾಗದದ ಅಥವಾ ಮರದ ಪುಡಿಯನ್ನು ಒತ್ತಿ ಮಾಡಿದ ಗುಳಿಗೆ ಹಾಕಿ. ಬೆಕ್ಕಿಗೆ ಹಾಕುವ, ನೀರು ತಾಗಿದರೆ ಗಂಟುಕಟ್ಟುವ ಮಣ್ಣು ಬೇಡವೇ ಬೇಡ, ಮೊಲ ಅದನ್ನು ತಿಂದರೆ ಹೊಟ್ಟೆಯೊಳಗೂ ಗಂಟುಕಟ್ಟುತ್ತದೆ. ಸುವಾಸನೆ ಬರುವ ಸೀಡರ್, ಪೈನ್ ಮರದ ಸಿಪ್ಪೆಯೂ ಬೇಡ, ಅದರ ಆವಿ ಶ್ವಾಸಕ್ಕೂ ಪಿತ್ತಜನಕಾಂಗಕ್ಕೂ ಕೆಟ್ಟದ್ದು. ಟ್ರೇಯ ಒಂದು ತುದಿಗೆ, ಅಥವಾ ಟ್ರೇಗೆ ತಾಗಿಸಿ, ಒಣಹುಲ್ಲು ರಾಶಿ ಹಾಕಿ. ಇದೇ ಗುಟ್ಟು. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುತ್ತದೆ, ಹುಲ್ಲು ಎಲ್ಲೋ ಹಿಕ್ಕೆ ಅಲ್ಲೇ. ಆಚೆ ಬಿದ್ದ ಹಿಕ್ಕೆಯನ್ನು ಗುಡಿಸಿ ಟ್ರೇಗೇ ಹಾಕಿ, ಆಚೆ ಹೊಯ್ದ ಉಚ್ಚೆಯನ್ನು ಒಂದು ಕಾಗದಕ್ಕೆ ಹೀರಿಸಿ ಅದನ್ನೂ ಟ್ರೇಯಲ್ಲೇ ಇಡಿ, ನೆಲವನ್ನು ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ.

ಮರಿಯಾಗದ ಹಾಗೆ ಮಾಡಿಸುವ ಆಪರೇಷನ್ ಆಗದ, ಪ್ರಾಯಕ್ಕೆ ಬಂದ ಮೊಲ ತನ್ನ ಗಡಿ ಗುರುತು ಮಾಡಲು ಎಲ್ಲ ಕಡೆ ಉಚ್ಚೆ ಚಿಮ್ಮಿಸುತ್ತದೆ. ಅದಕ್ಕೆ ಬೈದು ಉಪಯೋಗ ಇಲ್ಲ, ಆಪರೇಷನ್ ಮಾಡಿಸಿದರೆ ಹೆಚ್ಚಿನ ಮೊಲಗಳಲ್ಲಿ ನಿಲ್ಲುತ್ತದೆ. ಇನ್ನೊಂದು ಮಾತು. ಕಿತ್ತಳೆ, ಕಂದು, ಕೆಂಪು ಬಣ್ಣದ ಉಚ್ಚೆ ಕಂಡು ಎಷ್ಟೋ ಜನ ರಕ್ತ ಅಂತ ಹೆದರುತ್ತಾರೆ. ಸೊಪ್ಪಿನ ಬಣ್ಣದಿಂದಲೂ ಹಾಗಾಗುತ್ತದೆ, ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ, ಅಥವಾ ಹೊಯ್ಯಲು ತಿಣುಕಾಡುತ್ತಿದ್ದರೆ ವೈದ್ಯರಿಗೆ ತೋರಿಸಿ.

ಹಂತ 6: ಹೊರಗೇ ಸಾಕುವುದಾದರೆ

ಮೊದಲು ಜಾಲರಿ. ಕೋಳಿ ಗೂಡಿಗೆ ಹಾಕುವ ಆರು ಮೂಲೆಯ ತೆಳು ಜಾಲರಿ ಮೊಲವನ್ನು ಒಳಗೆ ಇಡುತ್ತದೆ, ನಾಯಿಯನ್ನು ಹೊರಗೆ ಇಡುವುದಿಲ್ಲ. ನಾಯಿ ಹಲ್ಲಿನಲ್ಲಿ ಕಚ್ಚಿ ಎಳೆದರೆ ಹರಿದು ಬರುತ್ತದೆ. ಬೆಸುಗೆ ಹಾಕಿದ ಜಾಲರಿಯೇ ಬೇಕು, ತಂತಿ 1.6 ಮಿಲಿಮೀಟರ್ ದಪ್ಪ, ಕಣ್ಣು 25 x 13 ಮಿಲಿಮೀಟರ್‌ಗಿಂತ ದೊಡ್ಡದಿರಬಾರದು. ಕಣ್ಣು ದೊಡ್ಡದಾದರೆ ಹೆಗ್ಗಣದ ಮರಿ, ಹಾವು ಒಳಗೆ ಬರುತ್ತವೆ, ಬೆಕ್ಕಿನ ಪಂಜವೂ ತೂರುತ್ತದೆ. ಜಾಲರಿಯನ್ನು ಮರದ ಚೌಕಟ್ಟಿನ ಒಳಬದಿಗೆ ಹೊಡೆಯಿರಿ, ಮೊಲ ಮರವನ್ನು ಕಡಿಯುವುದೂ ತಪ್ಪುತ್ತದೆ.

ಮೇಲೆ ಮುಚ್ಚಿಗೆ ಇರಲೇಬೇಕು, ಹದ್ದು, ಗೂಬೆ, ಬೆಕ್ಕು ಎಲ್ಲ ಬರುವುದು ಮೇಲಿನಿಂದ. ಕೆಳಗೆ ಎರಡು ಕಡೆಯ ಅಗೆತ ತಡೆಯಬೇಕು. ಮೊಲ ಒಳಗಿನಿಂದ ಅಗೆದು ಹೊರಗೆ ಹೋಗುತ್ತದೆ, ನಾಯಿ, ನರಿ, ಮುಂಗುಸಿ ಹೊರಗಿನಿಂದ ಅಗೆದು ಒಳಗೆ ಬರುತ್ತವೆ. ಕಲ್ಲು ಹಾಸಿದ ನೆಲವಾದರೆ ಚಿಂತೆ ಇಲ್ಲ. ಮಣ್ಣಾದರೆ ಜಾಲರಿಯನ್ನು ಸುತ್ತಲೂ ಅರ್ಧ ಮೀಟರ್ ಆಳಕ್ಕೆ ಹೂಳಿ, ಇಲ್ಲವೇ ನೆಲದ ಮೇಲೆ ಅಷ್ಟೇ ಅಗಲ ಹೊರಮುಖವಾಗಿ ಹಾಸಿ ಮೇಲೆ ಕಲ್ಲು ಹೇರಿ. ಬಾಗಿಲಿಗೆ ತಿರುಗಿಸುವ ಮರದ ಗುಬ್ಬಿ ಸಾಲದು, ಗಟ್ಟಿ ಚಿಲಕ ಹಾಕಿ ಬೀಗ ಹಾಕಿ.

ಇಷ್ಟು ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ನಾಯಿ ಒಳಗೆ ಬರದಿದ್ದರೂ, ರಾತ್ರಿಯಿಡೀ ಜಾಲರಿ ಸುತ್ತ ಬೊಗಳುತ್ತ ಸುತ್ತಿದರೆ ಮೊಲ ಹೆದರಿಕೆಯಿಂದಲೇ ಸಾಯಬಹುದು, ಅಥವಾ ಗೋಡೆಗೆ ನುಗ್ಗಿ ಬೆನ್ನು ಮುರಿದುಕೊಳ್ಳಬಹುದು. ಅದಕ್ಕೇ ಆವರಣದೊಳಗೆ ಮೂರು ಕಡೆ ಹಲಗೆ ಮುಚ್ಚಿದ, ಬೇಟೆಪ್ರಾಣಿಯ ಕಣ್ಣಿಗೆ ಕಾಣದ ಮಲಗುವ ಪೆಟ್ಟಿಗೆ ಬೇಕು. ಅದನ್ನು ನೆಲದಿಂದ ಒಂದಡಿ ಎತ್ತರಿಸಿ, ಇಳಿಜಾರು ಹಲಗೆ ಹಾಕಿ. ಮಳೆ ಎರಚಲು ಬಡಿಯದ ಕಡೆಗೆ ಬಾಯಿ ತಿರುಗಿಸಿ. ಒಳಗೆ ದಪ್ಪಗೆ ಹುಲ್ಲು ಹಾಸಿ, ಒದ್ದೆಯಾದದ್ದನ್ನು ಪ್ರತಿದಿನ ತೆಗೆಯಿರಿ. ಗಾಳಿ ಆಡದ ಗೂಡಿನಲ್ಲಿ ಉಚ್ಚೆಯ ಘಾಟು ಕಟ್ಟಿಕೊಂಡು ಮೂಗು, ಶ್ವಾಸಕೋಶ ಹಾಳಾಗುತ್ತವೆ. ಗೂಡಿಗೆ ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ ಮೊಲ ಇಡೀ ರಾತ್ರಿ ಅದರಲ್ಲೇ ಮಲಗಿತ್ತು ಅಂತ ಅರ್ಥ.

ನೆರಳಿನ ಬಗ್ಗೆ ಹೇಳಲೇಬೇಕು. ಬೆಳಿಗ್ಗೆ ಎಂಟಕ್ಕೆ ತಣ್ಣಗಿದ್ದ ಮೂಲೆಗೆ ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿ, ಬಿಸಿಲು ಸುತ್ತಿ ಬಂದು ಸರಿಯಾಗಿ ಗೂಡಿನ ಮೇಲೆ ಕೂತಿರುತ್ತದೆ. ತಗಡಿನ ಮುಚ್ಚಿಗೆ ಇದ್ದರೆ ಒಳಗೆ ಒಲೆಯೇ. ಗೂಡು ಪಕ್ಕಾ ಮಾಡುವ ಮೊದಲು ಒಂದು ದಿನವಿಡೀ ಗಂಟೆಗೊಮ್ಮೆ ಹೋಗಿ ನೆರಳು ಎಲ್ಲೆಲ್ಲಿ ಸರಿಯುತ್ತದೆ ಅಂತ ಗುರುತು ಮಾಡಿ. ಗಿಡದ ನೆರಳು ಎಲ್ಲಕ್ಕಿಂತ ತಂಪು.

ಹಂತ 7: ಒಳಗಿನ ಮೊಲವನ್ನು ಹೊರಗೆ ಬಿಡುವುದು

ಒಳಗೇ ಇರುವ ಮೊಲಕ್ಕೂ ಬಿಸಿಲು ಬೇಕು. ಸದಾ ಒಳಗಿರುವ ಮೊಲಗಳ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದೆ, ಕಿಟಕಿ ಗಾಜು ಅದಕ್ಕೆ ಬೇಕಾದ ಕಿರಣವನ್ನು ತಡೆಯುತ್ತದೆ. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತೇ ಸರಿ, ಮೊಲ ಸಹಜವಾಗಿ ಚುರುಕಾಗಿರುವುದೂ ಆಗಲೇ.

ಮೊದಲ ದಿನ ಹತ್ತು ನಿಮಿಷ ಸಾಕು. ಬೇಲಿ ಹಾಕಿ, ಒಳಗೆ ಅದರದ್ದೇ ವಾಸನೆಯ ಡಬ್ಬಿ ಇಟ್ಟು, ನೀವೂ ನೆಲದ ಮೇಲೆ ಕೂತುಕೊಳ್ಳಿ. ಹಸಿ ಹುಲ್ಲನ್ನು ಒಂದೇ ಸಲ ಹೊಟ್ಟೆ ತುಂಬ ತಿನ್ನಲು ಬಿಡಬೇಡಿ, ಒಂದೆರಡು ವಾರದಲ್ಲಿ ನಿಧಾನಕ್ಕೆ ಹೆಚ್ಚಿಸಿ. ಒಣಹುಲ್ಲು ತಿಂದು ಹೊರಟರೆ ಇನ್ನೂ ಒಳ್ಳೆಯದು. ಕಳೆನಾಶಕ, ಕೀಟನಾಶಕ, ಗೊಬ್ಬರ ಹಾಕಿದ ಹುಲ್ಲು ಬೇಡ. ಬೇರೆ ನಾಯಿ ಬೆಕ್ಕು ಹೊಲಸು ಮಾಡುವ ಜಾಗ ಬೇಡ. ಮೆಷಿನ್‌ನಿಂದ ಕತ್ತರಿಸಿ ರಾಶಿ ಹಾಕಿದ ಹುಲ್ಲು ಬೇಗ ಬಿಸಿಯಾಗಿ ಹುಳಿಯುತ್ತದೆ, ಅದನ್ನು ತಿಂದರೆ ಹೊಟ್ಟೆ ಉಬ್ಬುತ್ತದೆ.

ಕುತ್ತಿಗೆ ಪಟ್ಟಿ ಕಟ್ಟಿ ಎಳೆದಾಡಬೇಡಿ. ಹೆದರಿ ನೆಗೆದರೆ ಅದರ ಹಿಂಗಾಲಿನ ಬಲಕ್ಕೆ ಅದರ ಬೆನ್ನೇ ಮುರಿಯುತ್ತದೆ. ಇದೇ ಕಾರಣಕ್ಕೆ ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಪೃಷ್ಠದ ಕೆಳಗೆ ಇರಬೇಕು, ಮೈ ನಿಮ್ಮ ಎದೆಗೆ ಒತ್ತಿರಬೇಕು. ಕಿವಿ ಹಿಡಿದು ಎತ್ತುವುದು ಕ್ರೌರ್ಯ. ಹಿಡಿಯಲು ಹೋಗುವಾಗ ನೇರ ಮೂತಿಗೆ ಕೈ ಚಾಚಬೇಡಿ. ಮೊಲಕ್ಕೆ ಸುತ್ತಲೂ ಕಾಣುತ್ತದೆ, ಮೂಗಿನ ನೇರ ಮುಂದೆ ಮಾತ್ರ ಕಾಣುವುದಿಲ್ಲ. ಪಕ್ಕದಿಂದ, ತಗ್ಗಿನಲ್ಲಿ, ಮಾತಾಡುತ್ತ ಹೋಗಿ.

ಒಳಗಿನ ಮೊಲವನ್ನು ಹೊರಗೇ ಇರಲು ಕಳಿಸುವುದಾದರೆ ಚಳಿಗಾಲದಲ್ಲಿ ಶುರು ಮಾಡಬೇಡಿ, ಅದರ ಮೈಗೆ ದಪ್ಪ ಕೂದಲು ಬಂದಿರುವುದಿಲ್ಲ. ರಾತ್ರಿಯೂ ಹಿತವಾಗಿರುವ ಕಾಲದಲ್ಲಿ ದಿನಕ್ಕಿಷ್ಟು ಅಂತ ಹೆಚ್ಚಿಸುತ್ತ ಹೋಗಿ. ಹಾಗೆಯೇ, ಹೊರಗೆ ಚಳಿಗೆ ಹೊಂದಿಕೊಂಡ ಮೊಲವನ್ನು ಬೆಚ್ಚನೆಯ ಕೋಣೆಗೆ ತಂದು ಮತ್ತೆ ರಾತ್ರಿ ಹೊರಗೆ ಹಾಕಬೇಡಿ. ಒಳಗೆ ತಂದರೆ ಒಳಗೇ ಇರಲಿ.

ಹಂತ 8: ದಿನಾ ನೋಡಬೇಕಾದದ್ದು

ಇದು ಒಳಗಿನ ಮೊಲಕ್ಕೂ ಹೊರಗಿನ ಮೊಲಕ್ಕೂ ಒಂದೇ, ಆದರೆ ಹೊರಗಿನ ಮೊಲಕ್ಕೆ ಒಂದು ದಿನವೂ ತಪ್ಪಬಾರದು. ಬೆಳಿಗ್ಗೆ ಮೊದಲು ಹಿಕ್ಕೆ ನೋಡಿ. ಆರೋಗ್ಯದ ಹಿಕ್ಕೆ ದುಂಡಗೆ, ಒಂದೇ ಗಾತ್ರ, ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಒಳಗೆ ಹುಲ್ಲಿನ ನಾರು ಕಾಣುತ್ತದೆ. ಚಿಕ್ಕದಾಗುತ್ತ ಬಂದರೆ, ಆಕಾರ ಕೆಟ್ಟರೆ, ಕೂದಲಿನ ದಾರದಲ್ಲಿ ಪೋಣಿಸಿದ ಹಾಗೆ ಬಂದರೆ ಹೊಟ್ಟೆ ನಿಧಾನವಾಗಿದೆ ಅಂತ. ಇವಲ್ಲದೆ ಮೆತ್ತಗಿನ, ಗೊಂಚಲಿನಂಥ ಇನ್ನೊಂದು ಹಿಕ್ಕೆ ಇದೆ. ಅದನ್ನು ಮೊಲ ನೇರವಾಗಿ ತಿಂದುಬಿಡುತ್ತದೆ, ತಿನ್ನಲೇಬೇಕು, ತಡೆಯಬೇಡಿ. ಅದು ದಿನಾ ನೆಲದಲ್ಲಿ ಬಿದ್ದು ಸಿಗುತ್ತಿದ್ದರೆ ಗುಳಿಗೆ ಆಹಾರ (ಪೆಲೆಟ್), ಹಣ್ಣು ಜಾಸ್ತಿಯಾಗಿರಬಹುದು, ಅಥವಾ ಮೊಲ ದಪ್ಪವಾಗಿ ಬಗ್ಗಲು ಆಗುತ್ತಿಲ್ಲ.

ಊಟದಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಹುಲ್ಲೇ ಇರಬೇಕು, ಹಗಲು ರಾತ್ರಿ ಅದು ಮುಗಿಯಬಾರದು. ಉಳಿದದ್ದು ಸೊಪ್ಪು, ಸ್ವಲ್ಪ ಗುಳಿಗೆ ಆಹಾರ. ಕ್ಯಾರೆಟ್ ಅಪರೂಪಕ್ಕೆ ಒಂದು ಚೂರು, ಅದರಲ್ಲಿ ಸಕ್ಕರೆ ಜಾಸ್ತಿ. ನೀರಿಗೆ ಭಾರದ ಬಟ್ಟಲು ಇಡಿ, ನಳಿಗೆಯ ಬಾಟಲಿಗಿಂತ ಬಟ್ಟಲಿನಲ್ಲಿ ಮೊಲ ಹೆಚ್ಚು ನೀರು ಕುಡಿಯುತ್ತದೆ.

ಮೊಲ 12 ಗಂಟೆ ಏನೂ ತಿಂದಿಲ್ಲ, ಹಿಕ್ಕೆ ಹಾಕಿಲ್ಲ ಅಂದರೆ ಅದು ತುರ್ತು. ನಾಳೆ ನೋಡೋಣ ಅನ್ನುವ ಮಾತೇ ಬೇಡ. ಕರುಳಿನ ಚಲನೆ ನಿಂತ ಮೊಲ ಒಂದೆರಡು ದಿನದಲ್ಲಿ ಸಾಯಬಹುದು. ಒಳಗಿರುವ ಮೊಲವಾದರೆ ಸಂಜೆಯ ಸೊಪ್ಪಿಗೆ ಓಡಿ ಬರಲಿಲ್ಲ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಹೊರಗಿನದಾದರೆ ಗೂಡಿನ ಕತ್ತಲಲ್ಲಿ ಬಟ್ಟಲು ತುಂಬಿಸಿ ಬಂದುಬಿಡುತ್ತೇವೆ. ನಾನು ಒಳಗೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ಆಮೇಲೆ ಹಿಂಭಾಗ. ಬೆಚ್ಚಗಿನ ದಿನಗಳಲ್ಲಿ ಬೆಳಿಗ್ಗೆ ಸಂಜೆ ಎರಡು ಸಲ ಬಾಲ ಎತ್ತಿ ನೋಡಿ. ಅಲ್ಲಿ ಹಿಕ್ಕೆ, ಉಚ್ಚೆ ಮೆತ್ತಿಕೊಂಡಿದ್ದರೆ ನೊಣ ಬಂದು ಮೊಟ್ಟೆ ಇಡುತ್ತದೆ, ಒಂದು ದಿನದೊಳಗೆ ಮರಿಹುಳ ಹೊರಬಂದು ಬದುಕಿರುವ ಮೊಲದ ಮಾಂಸವನ್ನೇ ತಿನ್ನಲು ಶುರು ಮಾಡುತ್ತದೆ. ಬಿಳಿ ಅಕ್ಕಿ ನುಚ್ಚಿನಂತೆ ಕೂದಲಿಗೆ ಅಂಟಿದ ಮೊಟ್ಟೆ ಕಂಡರೂ, ಹುಳ ಕಂಡರೂ, ಕೂಡಲೇ ವೈದ್ಯರ ಹತ್ತಿರ ಓಡಿ. ಮೆತ್ತಿಕೊಂಡಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ. ಇಡೀ ಮೈಗೆ ಸ್ನಾನ ಮಾಡಿಸಬೇಡಿ, ಮೊಲ ಆಘಾತಕ್ಕೆ ಒಳಗಾಗುತ್ತದೆ.

ಹಂತ 9: ಬಿಸಿ ಹೊಡೆದರೆ, ರೋಗ ಬಂದರೆ

ಬಾಯಿ ತೆರೆದು ಏದುಸಿರು, ಜೊಲ್ಲು, ಕಾದ ಕಿವಿ, ಮೈ ಚೆಲ್ಲಿ ಬಿದ್ದಿರುವುದು, ಇವು ಬಿಸಿ ಹೊಡೆದ ಲಕ್ಷಣ. ತಂಪು ಕೋಣೆಗೆ ತನ್ನಿ, ತಣ್ಣೀರಲ್ಲಿ ಅದ್ದಿದ ಬಟ್ಟೆಯಿಂದ ಕಿವಿ ಒದ್ದೆ ಮಾಡಿ. ಮಂಜುಗಡ್ಡೆಯ ನೀರು ಬೇಡ, ಬಕೆಟಿನಲ್ಲಿ ಮುಳುಗಿಸುವುದು ಬೇಡ. ಹಾಗೇ ವೈದ್ಯರಿಗೆ ಫೋನ್ ಮಾಡಿ ಹೊರಡಿ. ಬಿಸಿ ದಿನಗಳಲ್ಲಿ ಮುಂಚೆಯೇ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಗೂಡಿನಲ್ಲಿಟ್ಟರೆ ಮೊಲ ಅದಕ್ಕೆ ಒರಗಿ ಮಲಗುತ್ತದೆ.

ರೋಗಗಳಲ್ಲಿ ಎರಡು ಮುಖ್ಯ. ಮಿಕ್ಸೊಮಟೋಸಿಸ್ ಸೊಳ್ಳೆ, ಚಿಗಟಗಳಿಂದ ಹರಡುತ್ತದೆ. ಇನ್ನೊಂದು ಮೊಲದ ರಕ್ತಸ್ರಾವ ರೋಗ. ಇದು ಮೊದಲು 1984ರಲ್ಲಿ ಚೀನಾದಲ್ಲಿ ಕಂಡಿತು. ಇದರ ಎರಡನೇ ಬಗೆಯ ವೈರಸ್ 2010ರಲ್ಲಿ ಫ್ರಾನ್ಸ್‌ನಲ್ಲಿ ಕಾಣಿಸಿಕೊಂಡು ಹಲವು ಖಂಡಗಳಿಗೆ ಹರಡಿದೆ. ಯಾವ ಲಕ್ಷಣವೂ ಇಲ್ಲದೆ ಮೊಲ ಸತ್ತು ಬಿದ್ದಿರಬಹುದು. ಕೀಟ, ಮೇವು, ನಮ್ಮ ಚಪ್ಪಲಿಯ ಮೂಲಕವೂ ಬರುವುದರಿಂದ ಒಳಗಿನ ಮೊಲಕ್ಕೂ ಇದು ತಪ್ಪಿದ್ದಲ್ಲ, ಹೊರಗಿನದಕ್ಕೆ ಅಪಾಯ ಜಾಸ್ತಿ. ನಿಮ್ಮ ಕಡೆ ಲಸಿಕೆ ಸಿಗುತ್ತದಾ ಅಂತ ವೈದ್ಯರನ್ನು ಕೇಳಿ, ಸಿಕ್ಕರೆ ಹಾಕಿಸಿ. ಗೂಡಿಗೆ ಸೊಳ್ಳೆ ಪರದೆ ಕಟ್ಟಿ, ಹೊರಗಿನ ಚಪ್ಪಲಿ ಮೊಲದ ಕೋಣೆಗೆ ಬೇಡ.

ಮನೆಯಲ್ಲಿರುವ ಔಷಧಿ ಕೊಡಬೇಡಿ. ಅಮಾಕ್ಸಿಸಿಲಿನ್‌ನಂಥ ಮಾತ್ರೆ ಬಾಯಿಗೆ ಹಾಕಿದರೆ ಮೊಲದ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮೊಲವೂ ಸಾಯಬಹುದು. ನಾಯಿಗೆ ಹಾಕುವ, ಫಿಪ್ರೊನಿಲ್ ಇರುವ ಚಿಗಟದ ಔಷಧಿಯೂ ಮೊಲಕ್ಕೆ ವಿಷ. ನಾಯಿ ಬೆಕ್ಕು ನೋಡುವ ಎಲ್ಲ ವೈದ್ಯರಿಗೂ ಮೊಲ ನೋಡಿ ಅಭ್ಯಾಸ ಇರುವುದಿಲ್ಲ. ಮೊಲ ತರುವ ಮೊದಲೇ ಅಂಥವರನ್ನು ಹುಡುಕಿಟ್ಟುಕೊಳ್ಳಿ.

ಹಂತ 10: ಜೊತೆ

ಮೊಲ ಗುಂಪಿನ ಪ್ರಾಣಿ. ಹೊರಗೆ ಒಂಟಿಯಾಗಿ ಒಂದು ಮೊಲ ಇಡುವುದನ್ನು ನಾನು ಒಪ್ಪುವುದೇ ಇಲ್ಲ. ಒಳಗೆ, ದಿನವಿಡೀ ಮನೆಯಲ್ಲಿ ಜನ ಇದ್ದರೂ, ಇನ್ನೊಂದು ಮೊಲ ಕಿವಿ ನೆಕ್ಕಿದಷ್ಟು ಹಿತ ನಾವು ಕೊಡಲು ಆಗುವುದಿಲ್ಲ. ಆಪರೇಷನ್ ಆದ ಗಂಡು, ಆಪರೇಷನ್ ಆದ ಹೆಣ್ಣು ಚೆನ್ನಾಗಿ ಹೊಂದಿಕೊಳ್ಳುವ ಜೋಡಿ. ಆಪರೇಷನ್ ಇಲ್ಲದಿದ್ದರೆ 31 ದಿನಕ್ಕೆಲ್ಲ ಮರಿ, ಹೆತ್ತ ದಿನವೇ ಮತ್ತೆ ಬಸಿರು. ಗಂಡಿಗೆ ಆಪರೇಷನ್ ಆದ ಮೇಲೂ ಆರು ವಾರ ಹೆಣ್ಣಿನಿಂದ ದೂರ ಇಡಿ. ಆಪರೇಷನ್ ಆಗದ ಹೆಣ್ಣುಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ, ಹಾಗಾಗಿ ಒಂದೇ ಹೆಣ್ಣಿದ್ದರೂ ಮಾಡಿಸಿ.

ಹೊಸ ಮೊಲವನ್ನು ನೇರ ಹಳೆಯದರ ಗೂಡಿಗೆ ಬಿಡಬೇಡಿ, ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಬೇಲಿಯ ಎರಡು ಬದಿಗೆ ಇಟ್ಟು, ಒಂದರ ಬಟ್ಟೆ ಇನ್ನೊಂದಕ್ಕೆ ಕೊಟ್ಟು, ವಾಸನೆ ಪರಿಚಯ ಆಗಲು ಬಿಡಿ. ಆಮೇಲೆ ಎರಡಕ್ಕೂ ಹೊಸದಾದ ಒಂದು ಜಾಗದಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಒಟ್ಟಿಗೆ ಬಿಡಿ. ಬೇಲಿಗೆ ಎರಡೂ ಬದಿಯಿಂದ ಒರಗಿ ಮಲಗಲು ಶುರು ಮಾಡಿದವು ಅಂದರೆ ಕೆಲಸ ಅರ್ಧ ಆಯಿತು.

ನೀವು ಊರಿಗೆ ಹೋಗುವಾಗ ಮೊಲ ನೋಡಿಕೊಳ್ಳುವವರಿಗೆ ಬರೀ ಹುಲ್ಲು ಹಾಕಿ ಅಂತ ಹೇಳಿ ಹೋಗಬೇಡಿ. ಹಿಕ್ಕೆ ಹೇಗಿರಬೇಕು, 12 ಗಂಟೆಯ ಮಾತು, ಬಾಲ ಎತ್ತಿ ನೋಡುವುದು, ವೈದ್ಯರ ನಂಬರ್, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೂಡಿಗೇ ಅಂಟಿಸಿ, ಅವರು ಒಂದು ಸಲ ನಿಮ್ಮ ಎದುರಿಗೇ ಎಲ್ಲ ಮಾಡಿ ತೋರಿಸಿದ ಮೇಲೆ ಹೊರಡಿ.